ಮಂಗಳೂರು, ಉಡುಪಿಯ ರಸ್ತೆಗೆ ರೋಡ್ ಬೈಕ್: ಟಯರು, ಚಕ್ರ, ಬ್ರೇಕುಗಳನ್ನು ಸಜ್ಜುಗೊಳಿಸುವ ಬಗೆ

ಬಾಗಿದ ಹ್ಯಾಂಡಲಿನ, ತೆಳು ಟಯರಿನ ರೋಡ್ ಬೈಕ್ ಸೈಕಲ್ಲುಗಳು ಈಗ ಮಂಗಳೂರು, ಉಡುಪಿ, ಮಣಿಪಾಲದ ರಸ್ತೆಗಳಲ್ಲಿ ಬೆಳಗಿನ ಹೊತ್ತು ಸಾಕಷ್ಟು ಕಾಣಸಿಗುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಅಂಗಡಿಯಿಂದ ಬಂದಾಗ ಹೇಗಿದ್ದವೋ ಹಾಗೆಯೇ ಓಡುತ್ತಿರುತ್ತವೆ. ಅವುಗಳ ಟಯರು, ಗಾಳಿ, ಬ್ರೇಕಿನ ಪ್ಯಾಡು ಎಲ್ಲವೂ ಒಣ ಹವೆಯ ಊರಿಗೆ, ನುಣುಪಾದ ಡಾಮರು ರಸ್ತೆಗೆ ಹೊಂದುವಂಥವು. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುವ, ಉಳಿದ ದಿನಗಳಲ್ಲಿ ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಗೆ ಬೇಕಾದ ಸಿದ್ಧತೆಯೇ ಬೇರೆ. ಸೈಕಲ್ಲನ್ನು ಜುಲೈ ತಿಂಗಳಿಗೆ ತಕ್ಕಂತೆ ಸಜ್ಜುಗೊಳಿಸಿದರೆ ಜನವರಿಯಲ್ಲಿ ಅದರಿಂದ ಏನೂ ನಷ್ಟವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಟಯರಿನ ಅಳತೆ ಓದಿಕೊಳ್ಳಿ

ಟಯರಿನ ಪಕ್ಕದಲ್ಲಿ 700x25ಸಿ ಅಥವಾ 700x28ಸಿ ಎಂದು ಅಚ್ಚಾಗಿರುತ್ತದೆ. ಅದರ ಹತ್ತಿರವೇ 25-622 ಅಥವಾ 28-622 ಎಂಬ ಇನ್ನೊಂದು ಬರಹವಿರುತ್ತದೆ, ನಂಬಬೇಕಾದದ್ದು ಇದನ್ನೇ. ಮೊದಲ ಸಂಖ್ಯೆ ಟಯರಿನ ಅಗಲ, ಎರಡನೆಯದು ರಿಮ್ಮಿನ ಮೇಲೆ ಟಯರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. ರೋಡ್ ಬೈಕಿನ ವ್ಯಾಸ 622 ಮಿ.ಮೀ. ಹಾಲು ಹಾಕುವವರ, ಮೀನು ಮಾರುವವರ ಹಳೆಯ ಕಾಲದ ದೊಡ್ಡ ಸೈಕಲ್ಲಿನ 28 ಇಂಚಿನ ಚಕ್ರದ ವ್ಯಾಸ 635 ಮಿ.ಮೀ. ನೋಡುವುದಕ್ಕೆ ಒಂದೇ ಗಾತ್ರದವಾದರೂ ಒಂದರ ಟಯರು ಇನ್ನೊಂದಕ್ಕೆ ಕೂರುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಟಯರು ಕೇಳುವಾಗ ಇಂಚಿನ ಲೆಕ್ಕ ಬಿಟ್ಟು 622 ಎಂದೇ ಹೇಳಿ.

ಅಗಲದ ವಿಷಯದಲ್ಲಿ ನನ್ನ ಸಲಹೆ ಸರಳವಾಗಿದೆ: ನಿಮ್ಮ ಫ್ರೇಮು, ಮುಂಚಕ್ರವನ್ನು ಹಿಡಿದಿರುವ ಫೋರ್ಕು, ಬ್ರೇಕು ಎಷ್ಟು ಅಗಲದ ಟಯರನ್ನು ಸುರಕ್ಷಿತವಾಗಿ ಒಳಬಿಡುತ್ತವೋ ಅಷ್ಟು ಅಗಲದ್ದನ್ನೇ ಹಾಕಿಕೊಳ್ಳಿ. ರಿಮ್ಮನ್ನು ಎರಡು ಬದಿಯಿಂದ ಅಮುಕಿ ಹಿಡಿಯುವ ಹಳೆಯ ಕ್ಯಾಲಿಪರ್ ಬ್ರೇಕಿನ ಸೈಕಲ್ಲುಗಳಲ್ಲಿ ಅದು 25 ಅಥವಾ 28 ಮಿ.ಮೀ.ಗೆ ನಿಂತುಬಿಡಬಹುದು, ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿನ ಈಚಿನ ಸೈಕಲ್ಲುಗಳು 32 ಮಿ.ಮೀ. ಅಥವಾ ಅದಕ್ಕೂ ಹೆಚ್ಚಿನದನ್ನು ಒಳಬಿಡುತ್ತವೆ. ಟಯರು ಹಾಕಿ ಗಾಳಿ ತುಂಬಿದ ಮೇಲೆ ಸುತ್ತಲೂ ಕನಿಷ್ಠ 4 ಮಿ.ಮೀ. ಜಾಗ ಉಳಿದಿರಬೇಕು. ಮಳೆಗಾಲದಲ್ಲಿ ಕೆಂಪು ಮಣ್ಣಿನ ಜೊತೆ ಮುರಕಲ್ಲಿನ ಸಣ್ಣ ಹರಳುಗಳೂ ಟಯರಿಗೆ ಅಂಟಿಕೊಂಡು ಬರುತ್ತವೆ. ಜಾಗ ಸಾಲದಿದ್ದರೆ ಅವು ಫ್ರೇಮಿನ ಒಳಮೈಯನ್ನು ಉಜ್ಜುತ್ತಲೇ ಇರುತ್ತವೆ.

ಮಳೆಗೆ ಆಳವಾದ ಹಲ್ಲಿರುವ ಟಯರು ಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ಅದು ಕಾರಿಗೆ ಸಂಬಂಧಿಸಿದ ಮಾತು. ಸೈಕಲ್ಲಿನ ಟಯರು ರಸ್ತೆಯನ್ನು ಮುಟ್ಟುವ ಜಾಗ ತೀರಾ ಚಿಕ್ಕದು, ದುಂಡನೆಯದು, ಒತ್ತಡವೂ ಹೆಚ್ಚು. ಆದ್ದರಿಂದ ನಾವು ಓಡಿಸುವ ವೇಗದಲ್ಲಿ ಅದು ನೀರನ್ನು ತಾನೇ ಪಕ್ಕಕ್ಕೆ ತಳ್ಳಿ ರಸ್ತೆಯನ್ನು ಹಿಡಿಯುತ್ತದೆ. ಒದ್ದೆಯಲ್ಲಿ ಹಿಡಿತ ನಿಂತಿರುವುದು ರಬ್ಬರಿನ ಗುಣ ಮತ್ತು ಗಾಳಿಯ ಒತ್ತಡದ ಮೇಲೆ. ನುಣುಪು ಟಯರನ್ನು ಕಂಡು ಹೆದರಬೇಕಾಗಿಲ್ಲ. ಆದರೆ ಬಿಸಿಲಿಗೆ ಒಣಗಿ ಗಟ್ಟಿಯಾದ, ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟ ಹಳೆಯ ಟಯರಿನ ಬಗ್ಗೆ ಎಚ್ಚರ ಬೇಕು.

ಗಾಳಿ ಎಷ್ಟಿರಬೇಕು

ಟಯರಿನ ಮೇಲೆ ಬರೆದಿರುವ ಗರಿಷ್ಠ ಒತ್ತಡದವರೆಗೂ ಗಾಳಿ ತುಂಬುವ ಅಭ್ಯಾಸ ಬಹಳ ಜನರಲ್ಲಿದೆ. ಗಟ್ಟಿಯಾದಷ್ಟೂ ವೇಗ ಎಂದು ಅವರು ಭಾವಿಸುತ್ತಾರೆ. ಮಂಗಳೂರಿನ ಕಾಂಕ್ರೀಟ್ ರಸ್ತೆಗಳಲ್ಲಿ ಜಾಯಿಂಟಿನಿಂದ ಜಾಯಿಂಟಿಗೆ ಕುಟ್ಟಿಸಿಕೊಂಡು ಹೋಗುವಾಗ ಇದು ಎಷ್ಟು ತಪ್ಪು ಎಂದು ಕೈಗೇ ತಿಳಿಯುತ್ತದೆ. ಅತಿಯಾಗಿ ಗಾಳಿ ತುಂಬಿದ ಟಯರು ಉಬ್ಬುತಗ್ಗನ್ನು ತನ್ನೊಳಗೆ ನುಂಗಿಕೊಳ್ಳದೆ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೆ ಎತ್ತಿಹಾಕುತ್ತದೆ. ಪೆಡಲು ತುಳಿದು ಗಳಿಸಿದ ಶಕ್ತಿ ಮುಂದಕ್ಕೆ ಹೋಗುವುದರ ಬದಲು ಆ ಕುಲುಕಾಟದಲ್ಲಿ ಕಳೆದುಹೋಗುತ್ತದೆ.

ಸುಮಾರು 70 ಕೆ.ಜಿ. ತೂಕದ ಸವಾರರು ಟ್ಯೂಬ್ ಇರುವ ಟಯರಿಗೆ ಹೀಗೆ ಆರಂಭಿಸಬಹುದು: 25 ಮಿ.ಮೀ. ಟಯರಿಗೆ ಹಿಂದೆ 85, ಮುಂದೆ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), 28 ಮಿ.ಮೀ.ಗೆ ಹಿಂದೆ 72, ಮುಂದೆ 67, 32 ಮಿ.ಮೀ.ಗೆ ಹಿಂದೆ 58, ಮುಂದೆ 53. ತೂಕ ಐದು ಕೆ.ಜಿ. ಹೆಚ್ಚಿದರೆ ಎರಡು ಮೂರು ಪಿಎಸ್‌ಐ ಏರಿಸಿ, ಕಡಿಮೆಯಿದ್ದರೆ ಅಷ್ಟೇ ಇಳಿಸಿ. ಮಳೆ ಬರುವ ದಿನ ಇದರಿಂದ ಇನ್ನೂ ಮೂರು ನಾಲ್ಕು ಕಳೆಯಿರಿ. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚು ಬೀಳುವುದರಿಂದ ಅಲ್ಲಿ ಗಾಳಿಯೂ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಇವು ಆರಂಭದ ಅಂಕಿಗಳು ಮಾತ್ರ, ಒಂದು ವಾರ ಓಡಿಸಿ ನೋಡಿ ನಿಮ್ಮ ಅಂಕಿಯನ್ನು ನೀವೇ ಗೊತ್ತುಮಾಡಿಕೊಳ್ಳಬೇಕು. ಹೊಂಡಕ್ಕೆ ಬಿದ್ದಾಗ ರಿಮ್ಮು ನೆಲಕ್ಕೆ ಬಡಿದ ಸದ್ದು ಕೇಳಿದರೆ ಗಾಳಿ ಕಡಿಮೆಯಾಯಿತು. ಹೊಸ ಡಾಮರಿನ ಮೇಲೂ ಅಂಗೈ ಜೋಮು ಹಿಡಿಯುತ್ತಿದ್ದರೆ ಹೆಚ್ಚಾಯಿತು. ಟಯರಿನ ಅಂಚನ್ನು ಹಿಡಿದುಕೊಳ್ಳುವ ಕೊಕ್ಕೆ ಇಲ್ಲದ ಹುಕ್‌ಲೆಸ್ ರಿಮ್ಮು ನಿಮ್ಮದಾಗಿದ್ದರೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರುವಂತೆಯೇ ಇಲ್ಲ. ಟಯರು ರಿಮ್ಮು ಬಿಟ್ಟು ಹಾರಿಹೋಗುವ ಅಪಾಯವಿದೆ.

ಬೆರಳಿನಿಂದ ಒತ್ತಿ ನೋಡಿ ಗಾಳಿಯ ಲೆಕ್ಕ ಹೇಳಲಾಗದು. ಮೀಟರಿರುವ ನಿಲುವು ಪಂಪೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಸೈಕಲ್ಲಿನ ನಂತರ ದುಡ್ಡು ಹಾಕಬೇಕಾದ ಮೊದಲ ವಸ್ತು ಇದೇ. ರೋಡ್ ಬೈಕಿನಲ್ಲಿ ಸಾಮಾನ್ಯವಾಗಿ ಪ್ರೆಸ್ಟಾ ಎಂಬ ತೆಳು ವಾಲ್ವ್ ಇರುತ್ತದೆ. ಅದರ ತುದಿಯ ಸಣ್ಣ ತಿರುಪನ್ನು ಸಡಿಲಿಸಿ, ಒಮ್ಮೆ ಒತ್ತಿ ಗಾಳಿ ಸ್ವಲ್ಪ ಬಿಟ್ಟು, ಆಮೇಲೆ ಪಂಪು ಸಿಕ್ಕಿಸಬೇಕು. ಹಿತ್ತಾಳೆಯ ಚಿಕ್ಕ ಅಡಾಪ್ಟರೊಂದು ಚೀಲದಲ್ಲಿದ್ದರೆ ದಾರಿಯ ಪಂಚರ್ ಅಂಗಡಿಯಲ್ಲೂ ಗಾಳಿ ಹಾಕಿಸಿಕೊಳ್ಳಬಹುದು, ಆದರೆ ಕಂಪ್ರೆಸರಿನ ಪೈಪನ್ನು ಒಂದೇ ಸಮನೆ ಒತ್ತಿ ಹಿಡಿಯಲು ಬಿಡಬೇಡಿ. ತೆಳು ಟಯರಿನೊಳಗಿನ ಜಾಗ ಬಹಳ ಕಡಿಮೆ, ಕಣ್ಣು ಮಿಟುಕಿಸುವುದರೊಳಗೆ ಒತ್ತಡ ಮಿತಿಮೀರುತ್ತದೆ.

ಪಂಚರ್ ಆದಾಗ ಮಾಡಬೇಕಾದ್ದು

ಮಳೆ ಶುರುವಾದ ಕೂಡಲೇ ಪಂಚರುಗಳೂ ಹೆಚ್ಚುತ್ತವೆ. ಹೆದ್ದಾರಿಯ ನಡುವಿನ ಗಾಜಿನ ಚೂರು, ಮುರಕಲ್ಲಿನ ಹರಳು, ಲಾರಿ ಟಯರು ಸಿಡಿದಾಗ ಉದುರಿದ ತಂತಿ ಎಲ್ಲವನ್ನೂ ನೀರು ತಂದು ಸೈಕಲ್ ಓಡುವ ಅಂಚಿನಲ್ಲೇ ರಾಶಿ ಹಾಕುತ್ತದೆ. ಅಲ್ಲದೆ ಒದ್ದೆ ರಬ್ಬರನ್ನು ಗಾಜು ಸುಲಭವಾಗಿ ಕೊಯ್ಯುತ್ತದೆ.

ಟ್ಯೂಬು ತೆಗೆಯುವ ಮೊದಲು ವಾಲ್ವ್ ಟಯರಿನ ಯಾವ ಬರಹದ ಎದುರಿಗಿದೆ ಎಂದು ನೋಡಿಟ್ಟುಕೊಳ್ಳಿ. ಟಯರಿನ ಹೆಸರು ಯಾವಾಗಲೂ ವಾಲ್ವಿನ ಪಕ್ಕಕ್ಕೇ ಬರುವಂತೆ ಹಾಕುವ ರೂಢಿಯಿದ್ದರೆ, ಟ್ಯೂಬಿನ ತೂತು ಸಿಕ್ಕಿದೊಡನೆ ಟಯರಿನ ಯಾವ ಜಾಗದಲ್ಲಿ ಮುಳ್ಳು ಹುಡುಕಬೇಕೆಂದು ತಿಳಿದುಬಿಡುತ್ತದೆ. ಟ್ಯೂಬಿಗೆ ಗಾಳಿ ತುಂಬಿ ತುಟಿಯ ಹತ್ತಿರ ತಿರುಗಿಸಿದರೆ ಸಣ್ಣ ತೂತಿನ ಗಾಳಿಯೂ ಗೊತ್ತಾಗುತ್ತದೆ. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತುಗಳಿದ್ದರೆ ಹೊಂಡದಲ್ಲಿ ರಿಮ್ಮಿಗೂ ನೆಲಕ್ಕೂ ನಡುವೆ ಟ್ಯೂಬು ಸಿಕ್ಕಿಕೊಂಡಿದೆ, ಅಂದರೆ ಗಾಳಿ ಕಡಿಮೆಯಿತ್ತು. ತೂತು ರಿಮ್ಮಿನ ಕಡೆಗಿದ್ದರೆ ರಿಮ್ಮಿನೊಳಗಿನ ರಿಮ್ ಟೇಪು ಜರುಗಿ ಚಕ್ರದ ಕಡ್ಡಿಯ (ಸ್ಪೋಕಿನ) ರಂಧ್ರದ ಅಂಚು ತಾಗಿದೆ. ಹೊರಗಡೆ ಒಂದೇ ತೂತಿದ್ದರೆ ಕಾರಣ ಟಯರಿನೊಳಗೇ ಕೂತಿದೆ. ಅದನ್ನು ತೆಗೆಯದೆ ಹೊಸ ಟ್ಯೂಬು ಹಾಕಿದರೆ ಮುಂದಿನ ಬಸ್‌ಸ್ಟಾಪಿನವರೆಗೂ ಬರುವುದಿಲ್ಲ. ಲಾರಿ ಟಯರಿನ ತಂತಿ ಕೂದಲಿನಷ್ಟು ತೆಳ್ಳಗಿರುವುದರಿಂದ ಹೊರಗಿನಿಂದ ಕಾಣುವುದಿಲ್ಲ. ಸ್ವಲ್ಪ ಹತ್ತಿಯನ್ನೋ ಹಳೆಯ ಬನಿಯನ್ನಿನ ತುಂಡನ್ನೋ ಟಯರಿನ ಒಳಮೈಯಲ್ಲಿ ನಿಧಾನವಾಗಿ ಎಳೆದುಕೊಂಡು ಬನ್ನಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಟಯರನ್ನು ಹಿಂದುಮುಂದು ಮಡಚಿದರೆ ಹೊಳೆಯುವ ತುದಿ ಕಾಣುತ್ತದೆ. ಅದನ್ನು ಉಗುರಿನಿಂದ ಕೀಳುವುದು ಕಷ್ಟ, ಸಣ್ಣ ಚಿಮಟ ಜೊತೆಗಿರಲಿ.

ಒದ್ದೆಯಲ್ಲಿ ಸೊಲ್ಯೂಷನ್ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಎರಡು ಟ್ಯೂಬುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ಯಿರಿ, ಪ್ಯಾಚು ಹಾಕುವ ಕೆಲಸವನ್ನು ಮನೆಗೆ ಬಂದು ಮಾಡಿ: ಮರಳುಕಾಗದದಿಂದ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಅದು ಪೂರ್ತಿ ಆರಿದ ಮೇಲೆಯೇ ಪ್ಯಾಚು ಒತ್ತಬೇಕು. ಟ್ಯೂಬ್‌ಲೆಸ್ ಟಯರಿಗೆ ಹೋಗುವವರು ಸಣ್ಣ ತೂತುಗಳನ್ನು ತಾನೇ ಮುಚ್ಚುವ ಒಳಗಿನ ಸೀಲೆಂಟ್ ದ್ರವ ಎರಡು ಮೂರು ತಿಂಗಳಿಗೊಮ್ಮೆ ಒಣಗಿದೆಯೇ ಎಂದು ನೋಡಲೇಬೇಕು. ಅಷ್ಟು ನಿಗಾ ಇಡುವವರಿಗೆ ಅದು ಒಳ್ಳೆಯದು, ಇಡಲಾಗದವರಿಗೆ ಟ್ಯೂಬೇ ಕ್ಷೇಮ.

ಚಕ್ರ

ನಮ್ಮ ಊರಿಗೆ ಹಗುರ ಚಕ್ರಕ್ಕಿಂತ ತುಕ್ಕು ತಾಳುವ ಚಕ್ರ ಮುಖ್ಯ. ಹೊಸ ಚಕ್ರ ಕೊಳ್ಳುವಾಗ ಅಲ್ಯೂಮಿನಿಯಂ ರಿಮ್ಮು, ಸ್ಟೇನ್‌ಲೆಸ್ ಸ್ಟೀಲಿನ ಕಡ್ಡಿ, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟಾದ ನಿಪ್ಪಲು ಹಿತ್ತಾಳೆಯದು ಇರುವುದನ್ನೇ ಕೇಳಿ. ಅಲ್ಯೂಮಿನಿಯಂ ನಿಪ್ಪಲು ಕೆಲವೇ ಗ್ರಾಮು ಹಗುರ, ಆದರೆ ಸ್ಟೀಲಿನ ಕಡ್ಡಿಯೊಡನೆ ಸೇರಿ ಉಪ್ಪುನೀರು ತಾಗಿದಾಗ ಅದು ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಸವೆದು ಬಿಳಿ ಪುಡಿಯಾಗುತ್ತದೆ. ಆಮೇಲೆ ಕೀಲಿ ಹಾಕಿದರೆ ನಿಪ್ಪಲು ತಿರುಗುವುದಿಲ್ಲ, ಮುರಿದು ಕೈಗೆ ಬರುತ್ತದೆ. ಮಲ್ಪೆ ಪಡುಕೆರೆ, ಸಸಿಹಿತ್ಲು, ತಣ್ಣೀರುಬಾವಿಯ ಕಡಲ ಬದಿಯಲ್ಲಿ ದಿನವೂ ಓಡಿಸುವವರಿಗೆ, ಒಂದು ಕಡೆ ಸೌಪರ್ಣಿಕಾ ಹೊಳೆ ಇನ್ನೊಂದು ಕಡೆ ಕಡಲು ಇರುವ ಮರವಂತೆಯವರೆಗೆ ಹೋಗಿಬರುವವರಿಗೆ ಇದು ಬೇಗ ಅನುಭವಕ್ಕೆ ಬರುತ್ತದೆ.

ವಾರಕ್ಕೊಮ್ಮೆ ಸೈಕಲ್ಲನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸಿ ನೋಡಿ. ರಿಮ್ಮು ಬ್ರೇಕ್ ಪ್ಯಾಡಿನ ಹತ್ತಿರ ಎಡಬಲಕ್ಕೆ ವಾಲುತ್ತಿದ್ದರೆ ಬೆಂಡು ತೆಗೆಸಬೇಕು. ನೀವೇ ತೆಗೆಯುವುದಾದರೆ ಕ್ರಮ ಹೀಗಿದೆ: ರಿಮ್ಮು ಬಲಕ್ಕೆ ಬರುವ ಜಾಗದಲ್ಲಿ ಹಬ್ಬಿನ (ಚಕ್ರದ ನಡುಭಾಗದ) ಎಡಬದಿಯಿಂದ ಬರುವ ಕಡ್ಡಿಯ ನಿಪ್ಪಲನ್ನು ಕಾಲು ಸುತ್ತು ಬಿಗಿ ಮಾಡಿ, ಅಲ್ಲೇ ಪಕ್ಕದ ಬಲ ಕಡ್ಡಿಯನ್ನು ಅಷ್ಟೇ ಸಡಿಲಿಸಿ, ಮತ್ತೆ ತಿರುಗಿಸಿ ನೋಡಿ. ಒಂದೇ ಸಲಕ್ಕೆ ಅರ್ಧ ಸುತ್ತಿಗಿಂತ ಹೆಚ್ಚು ಹೋಗಬೇಡಿ. ಹಿಂದಿನ ಚಕ್ರದಲ್ಲಿ ಕಡ್ಡಿ ಪದೇ ಪದೇ ಹಬ್ಬಿನ ಬಗ್ಗಿನಲ್ಲೇ ತುಂಡಾಗುತ್ತಿದ್ದರೆ ಅದು ಕಡ್ಡಿಗಳ ಬಿಗಿ ಒಂದೇ ಸಮನಾಗಿಲ್ಲ ಎಂಬುದರ ಲಕ್ಷಣ. ಒಂದೊಂದೇ ಕಡ್ಡಿ ಬದಲಿಸುತ್ತಾ ಹೋಗುವುದಕ್ಕಿಂತ ಇಡೀ ಚಕ್ರವನ್ನು ಬಿಚ್ಚಿ ಕಟ್ಟಿಸುವುದು ಮೇಲು.

ಚಕ್ರವನ್ನು ಫ್ರೇಮಿಗೆ ಬಿಗಿಯುವ ಕ್ವಿಕ್ ರಿಲೀಸ್ ಲಿವರನ್ನು ನಟ್ಟಿನಂತೆ ಸುತ್ತಿ ಬಿಗಿ ಮಾಡಿ ಓಡಿಸುವವರನ್ನು ಈಗಲೂ ಕಾಣುತ್ತೇನೆ. ಇದು ನಿಜವಾಗಿಯೂ ಅಪಾಯಕಾರಿ. ಲಿವರನ್ನು ಮಡಚಿ ಮುಚ್ಚಬೇಕು, ಮುಚ್ಚುವಾಗ ಅಂಗೈಯಲ್ಲಿ ಅದರ ಗುರುತು ಮೂಡುವಷ್ಟು ಬಿಗಿಯಿರಬೇಕು.

ರಿಮ್ ಬ್ರೇಕು

ಕ್ಯಾಲಿಪರಿನಂಥ ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ಬ್ರೇಕಿನ ಅರ್ಧ ಭಾಗವೇ ರಿಮ್ಮು. ಪ್ಯಾಡಿನ ಜೊತೆ ಅದೂ ಸವೆಯುತ್ತದೆ. ಕೆಂಪು ಮಣ್ಣಿನ ನೀರು ಸಿಡಿಯುವ ನಮ್ಮ ಮಳೆಗಾಲದಲ್ಲಿ ಎರಡೂ ಬಹು ಬೇಗ ಸವೆಯುತ್ತವೆ. ಅನೇಕ ರಿಮ್ಮುಗಳ ಪಕ್ಕದಲ್ಲಿ ಸವೆತದ ಗುರುತಾಗಿ ಸಣ್ಣ ಗುಳಿಯೋ ಸುತ್ತಲೂ ಗೀರೋ ಇರುತ್ತದೆ. ಅದು ಮಾಯವಾಗಿದ್ದರೆ ರಿಮ್ಮಿನ ಆಯುಸ್ಸು ಮುಗಿಯಿತೆಂದೇ ಅರ್ಥ. ಗುರುತಿಲ್ಲದಿದ್ದರೆ ಸ್ಟೀಲಿನ ಅಡಿಕೋಲಿನ ಅಂಚನ್ನು ಬ್ರೇಕು ಹಿಡಿಯುವ ಜಾಗದ ಮೇಲೆ ಅಡ್ಡಲಾಗಿ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕಿನ ಕಮಾನು ಸ್ಪಷ್ಟವಾಗಿ ಕಂಡರೆ ರಿಮ್ಮು ಒಳಕ್ಕೆ ಕೊರೆದಿದೆ. ಹಾಗೆ ತೆಳುವಾದ ಗೋಡೆ ಟಯರಿನ ಒತ್ತಡ ತಾಳಲಾರದೆ ಓಡುತ್ತಿರುವಾಗಲೇ ಸೀಳಬಹುದು. ರಿಮ್ಮು ಉಳಿಸುವ ಆಸೆಯಿಂದ ಮುಂದೂಡಬೇಡಿ.

ಪ್ಯಾಡುಗಳನ್ನು ಮಳೆಯ ದಿನಗಳಲ್ಲಿ ವಾರಕ್ಕೊಮ್ಮೆ ಬಿಚ್ಚಿ ನೋಡುವುದು ಒಳಿತು. ಕಪ್ಪು ರಬ್ಬರಿನ ಮೇಲೆ ಅಲ್ಲಲ್ಲಿ ಬೆಳ್ಳಿಯ ಚುಕ್ಕಿಗಳಂತೆ ಹೊಳೆಯುವುದು ರಿಮ್ಮಿನಿಂದಲೇ ಕಿತ್ತುಬಂದ ಅಲ್ಯೂಮಿನಿಯಂ. ಮರಳಿನ ಕಣವೊಂದು ಪ್ಯಾಡಿನಲ್ಲಿ ಹೂತುಕೊಂಡು ರಿಮ್ಮನ್ನು ಗೀರಿದಾಗ ಆ ಚೂರು ಏಳುತ್ತದೆ, ಆಮೇಲೆ ಆ ಚೂರೇ ಇನ್ನಷ್ಟು ಗೀರುತ್ತದೆ. ಸೇಫ್ಟಿ ಪಿನ್ನಿನ ತುದಿಯಿಂದ ಒಂದೊಂದನ್ನೂ ಕಿತ್ತು ತೆಗೆದು, ಪ್ಯಾಡಿನ ಮೈಯನ್ನು ಮರಳುಕಾಗದದಿಂದ ಲಘುವಾಗಿ ಉಜ್ಜಿ, ರಿಮ್ಮನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಜೋಡಿಸಿ. ಕೆಲಸ ಹದಿನೈದು ನಿಮಿಷದ್ದು, ಉಳಿಯುವುದು ಒಂದು ಜೊತೆ ರಿಮ್ಮು. ಜೋಡಿಸುವಾಗ ಪ್ಯಾಡು ಟಯರನ್ನು ಮುಟ್ಟದಂತೆ, ರಿಮ್ಮಿನಿಂದ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಪ್ಯಾಡಿನ ಮುಂತುದಿ ಹಿಂತುದಿಗಿಂತ ಕೂದಲೆಳೆಯಷ್ಟು ಮೊದಲು ತಾಗುವಂತಿದ್ದರೆ ಕಿರುಚಾಟ ಕಡಿಮೆಯಾಗುತ್ತದೆ.

ಒದ್ದೆ ರಿಮ್ಮಿನ ಮೇಲೆ ಬ್ರೇಕು ಹಾಕಿದ ತಕ್ಷಣ ಏನೂ ಆಗುವುದಿಲ್ಲ. ಮೊದಲ ಒಂದೆರಡು ಸುತ್ತಿನಲ್ಲಿ ಪ್ಯಾಡು ನೀರನ್ನು ಒರೆಸುತ್ತದೆ, ಆಮೇಲಷ್ಟೇ ಹಿಡಿಯುತ್ತದೆ, ಹಿಡಿಯುವಾಗ ಥಟ್ಟನೆ ಹಿಡಿಯುತ್ತದೆ. ಆದ್ದರಿಂದ ಸರ್ಕಲ್ ಹತ್ತಿರವಾಗುತ್ತಿದ್ದಂತೆಯೇ ಬ್ರೇಕಿನ ಲಿವರನ್ನು ಹಗುರವಾಗಿ ಮುಟ್ಟಿ ರಿಮ್ಮು ಒಣಗಿಸಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಕಾರ್ಬನ್ ಫೈಬರಿನ ರಿಮ್ಮು ಒದ್ದೆಯಲ್ಲಿ ಇದಕ್ಕಿಂತಲೂ ದುರ್ಬಲ, ಘಾಟಿ ಇಳಿಯುವಾಗ ಬಿಸಿಯನ್ನೂ ತಾಳಲಾರದು. ರಿಮ್ ಬ್ರೇಕಿನ ಜೊತೆ ಅದನ್ನು ಕರಾವಳಿಯಲ್ಲಿ ದಿನಬಳಕೆಗೆ ನಾನು ಯಾರಿಗೂ ಸೂಚಿಸುವುದಿಲ್ಲ.

ಡಿಸ್ಕ್ ಬ್ರೇಕು

ಹೊಸದಾಗಿ ಸೈಕಲ್ ಕೊಳ್ಳುವವರಿಗೆ ಇಲ್ಲಿ ಡಿಸ್ಕ್ ಬ್ರೇಕೇ ಸರಿ. ನೀರು ಬಿದ್ದರೂ ಬೇಗ ಹಿಡಿಯುತ್ತದೆ, ರಿಮ್ಮು ಸವೆಯುವುದಿಲ್ಲ. ಪ್ಯಾಡಿನಲ್ಲಿ ಎರಡು ಬಗೆ: ರೆಸಿನ್ ಪ್ಯಾಡು ಸದ್ದಿಲ್ಲದೆ ಮೃದುವಾಗಿ ಹಿಡಿಯುತ್ತದೆ, ಆದರೆ ಮಣ್ಣುನೀರಿನಲ್ಲಿ ಬೇಗ ತೀರುತ್ತದೆ, ಲೋಹದ ಪುಡಿಯ ಸಿಂಟರ್ಡ್ ಪ್ಯಾಡು ಕಿರುಚಿದರೂ ಹೆಚ್ಚು ಕಾಲ ಬಾಳುತ್ತದೆ. ಪ್ಯಾಡು ಹಿಡಿಯುವ ಲೋಹದ ತಟ್ಟೆಯಾದ ರೋಟರಿನ ಮೇಲೆ ರೆಸಿನ್ ಪ್ಯಾಡಿಗೆ ಮಾತ್ರ ಎಂದು ಬರೆದಿದ್ದರೆ ಲೋಹದ ಪ್ಯಾಡು ಹಾಕಬಾರದು. ಪ್ಯಾಡಿನ ಉಜ್ಜುವ ಪದರ 0.5 ಮಿ.ಮೀ.ಗೆ ಇಳಿದರೆ ಬದಲಿಸಿ; ಜೂನ್‌ನಲ್ಲಿ ಹೊಸ ಪ್ಯಾಡು ಹಾಕಿದರೂ ಪ್ರತಿ ವಾರ ಟಾರ್ಚು ಹಿಡಿದು ನೋಡುವುದನ್ನು ಬಿಡಬೇಡಿ.

ಹೊಸ ಪ್ಯಾಡಿಗೆ ಪಳಗಿಕೆ ಬೇಕು. ವಾಹನವಿಲ್ಲದ ರಸ್ತೆಯಲ್ಲಿ ಸಾಧಾರಣ ವೇಗಕ್ಕೆ ಬಂದು, ನಡಿಗೆಯ ವೇಗಕ್ಕೆ ಇಳಿಯುವವರೆಗೆ ದೃಢವಾಗಿ ಬ್ರೇಕು ಹಿಡಿದು, ಪೂರ್ತಿ ನಿಲ್ಲದೆ ಬಿಡಿ. ಇಪ್ಪತ್ತು ಸಲ ಹೀಗೆ ಮಾಡಿದರೆ ಹಿಡಿತ ಬರುತ್ತದೆ. ಚೈನಿಗೆ ಎಣ್ಣೆ ಸ್ಪ್ರೇ ಮಾಡುವಾಗ ರೋಟರಿಗೆ ಒಂದು ಹನಿಯೂ ತಾಗಕೂಡದು. ಎಣ್ಣೆ ಕುಡಿದ ಪ್ಯಾಡನ್ನು ಎಸೆಯುವುದೇ ಗತಿ, ರೋಟರನ್ನು ಮಾತ್ರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಉಳಿಸಿಕೊಳ್ಳಬಹುದು. ಕೇಬಲ್ಲಿನ ಬದಲು ದ್ರವದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕಿನಲ್ಲಿ ಶಿಮಾನೊ ಕಂಪನಿಯವರದು ಮಿನರಲ್ ಆಯಿಲ್, ಬೇರೆ ಕೆಲವರದು ಮೋಟಾರು ವಾಹನಗಳ ಬ್ರೇಕಿಗೆ ಹಾಕುವ ಡಾಟ್ ದ್ರವ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ, ಮೋಟಾರ್‌ಸೈಕಲ್ ಮೆಕ್ಯಾನಿಕ್ ಬಳಿ ಹೋದಾಗ ಇದನ್ನು ಮೊದಲೇ ಹೇಳಿ. ಚಕ್ರ ಕಳಚಿರುವಾಗ ಬ್ರೇಕಿನ ಲಿವರು ಒತ್ತಬೇಡಿ. ಕೇಬಲ್ಲಿನ ಬ್ರೇಕಿರುವವರು ಮಳೆಗಾಲ ಮುಗಿದ ಮೇಲೆ ಒಳತಂತಿಯನ್ನು ಬದಲಿಸಿಬಿಡಿ.

ತೊಳೆಯುವುದು, ಎಣ್ಣೆ ಹಾಕುವುದು

ಮಳೆಯಲ್ಲಿ ಅಥವಾ ಕಡಲ ಬದಿಯಲ್ಲಿ ಓಡಿಸಿ ಬಂದ ದಿನವೇ ಸೈಕಲ್ಲಿಗೆ ಸಿಹಿನೀರು ಸುರಿಯಿರಿ. ಬಕೆಟ್ಟು, ಚೊಂಬು, ಮೆತ್ತನೆಯ ಬ್ರಶ್ಶು ಸಾಕು. ಸರ್ವಿಸ್ ಸ್ಟೇಷನ್ನಿನ ಜೋರು ನೀರಿನ ಪೈಪು ಹಬ್ಬಿನ ಬೇರಿಂಗಿನೊಳಕ್ಕೆ ನೀರು ನುಗ್ಗಿಸಿ ಗ್ರೀಸನ್ನು ತೊಳೆದುಬಿಡುತ್ತದೆ. ಕಡಲಿಗೆ ಹತ್ತಿರದ ಮನೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಾವಿನೀರೇ ಉಪ್ಪಾಗುವುದುಂಟು. ಆಗ ನಲ್ಲಿನೀರನ್ನು ಬಳಸಿ. ಚೈನು ಒರೆಸಿ ಒಣಗಿದ ಮೇಲೆ ಮಳೆಗಾಲದ ವೆಟ್ ಲ್ಯೂಬ್ ಎಂಬ ಚೈನಿನ ಎಣ್ಣೆಯನ್ನು ಪ್ರತಿ ಕೊಂಡಿಗೆ ಒಂದು ಹನಿಯಂತೆ ಹಾಕಿ, ಹೊರಗಿನದನ್ನು ಮತ್ತೆ ಒರೆಸಿ ತೆಗೆಯಿರಿ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಹಾಕಬೇಡಿ, ಅದು ಬೇಗ ತೊಳೆದುಹೋಗುತ್ತದೆ, ಉಳಿದದ್ದು ಅಂಟಾಗಿ ಧೂಳು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಸೀಟನ್ನು ಹೊತ್ತ ಕೊಳವೆಯಾದ ಸೀಟ್‌ಪೋಸ್ಟನ್ನು ಹೊರತೆಗೆದು ಗ್ರೀಸ್ ಹಚ್ಚಿ ಹಾಕಿ. ಇಲ್ಲದಿದ್ದರೆ ಅದು ಫ್ರೇಮಿನೊಳಗೇ ಕಚ್ಚಿಕೊಂಡುಬಿಡುತ್ತದೆ. ಸೀಟ್‌ಪೋಸ್ಟೋ ಫ್ರೇಮೋ ಕಾರ್ಬನ್‌ನದಾಗಿದ್ದರೆ ಗ್ರೀಸಿನ ಬದಲು ಕಾರ್ಬನ್ ಪೇಸ್ಟು ಬಳಸಬೇಕು.

ದಿನನಿತ್ಯದ ಸವಾರಿ

ಮಂಗಳೂರಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ 55ರಿಂದ 60 ಕಿ.ಮೀ. ದಾರಿ ಹೆಚ್ಚು ಏರಿಳಿತವಿಲ್ಲದ್ದು, ಆದರೆ ಅಪಾಯಗಳು ಬೇರೆ ಬಗೆಯವು. ಮೀನಿನ ಲಾರಿಗಳಿಂದ ಸೋರುವ ನೀರು ರಸ್ತೆಯನ್ನು ಜಾರಿಸುತ್ತದೆ, ಜೊತೆಗೆ ಉಪ್ಪನ್ನೂ ಚೈನಿಗೆ ಸಿಡಿಸುತ್ತದೆ. ಅಂಥ ಲಾರಿಯ ಬೆನ್ನಿಗೆ ಎಂದೂ ಹೋಗಬೇಡಿ. ಎಕ್ಸ್‌ಪ್ರೆಸ್ ಬಸ್ಸು ನಿಮ್ಮನ್ನು ದಾಟಿದ ಮೇಲೆ ಮುಂದಿನ ಸ್ಟಾಪಿನಲ್ಲಿ ಎಡಕ್ಕೆ ಎಳೆದು ನಿಲ್ಲುತ್ತದೆ ಎಂದೇ ಭಾವಿಸಿ ಕೈಯನ್ನು ಲಿವರಿನ ಮೇಲಿಟ್ಟಿರಿ. ಪಡುಬಿದ್ರಿ, ಕಾಪು, ಕಟಪಾಡಿಯ ಜಂಕ್ಷನ್ನುಗಳಲ್ಲಿ ಸರ್ವಿಸ್ ರಸ್ತೆಯಿಂದ ಎದುರುಮುಖವಾಗಿ ಬರುವ ಸ್ಕೂಟರುಗಳನ್ನು ನಿರೀಕ್ಷಿಸಿ. ಈ ದಾರಿಯ ಕೂಳೂರು ಸೇತುವೆ, ಮಂಗಳೂರಿನ ದಕ್ಷಿಣದ ನೇತ್ರಾವತಿ ಸೇತುವೆಗಳ ಜಾಯಿಂಟನ್ನು ನೇರವಾಗಿ, ಹ್ಯಾಂಡಲು ತಿರುಗಿಸದೆ ದಾಟಿ. ಮಧ್ಯಾಹ್ನದ ಕಡಲಗಾಳಿ ಪಕ್ಕದಿಂದ ತಳ್ಳುವುದರಿಂದ ಅಲ್ಲಿ ರಸ್ತೆಯ ಅಂಚಿಗೆ ತೀರಾ ಹತ್ತಿರ ಇರಬೇಡಿ. ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ಮರದ ನೆರಳಿನ ಒಳರಸ್ತೆಯಲ್ಲಿ ಹಸಿರು ಪಾಚಿ ಕಟ್ಟಿದ ಅಂಚು, ಇವುಗಳ ಮೇಲೆ ಒದ್ದೆಯಲ್ಲಿ ಬ್ರೇಕು ಹಾಕುವಂತೆಯೂ ಇಲ್ಲ, ವಾಲುವಂತೆಯೂ ಇಲ್ಲ.

ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು, ಏಕೆಂದರೆ ನಿಧಾನವಾಗುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ನಮ್ಮಲ್ಲಿ ಅದು ಸಾಮಾನ್ಯವಾಗಿ ಬಲಗೈಯದು, ಆದರೂ ನಿಮ್ಮ ಸೈಕಲ್ಲಿನಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ, ಕ್ರಮೇಣ ಬಿಗಿಮಾಡುತ್ತಾ, ಮೈಯನ್ನು ಹಿಂದಕ್ಕೆ ಸರಿಸಿ ಹಿಡಿಯುವುದನ್ನು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ. ಮಣಿಪಾಲದಿಂದ ಇಂದ್ರಾಳಿಗೆ, ಕದ್ರಿ ಗುಡ್ಡದಿಂದ ಕೆಳಕ್ಕೆ ಇಳಿಯುವಾಗ ಇದು ಕೆಲಸಕ್ಕೆ ಬರುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಿ ಉದ್ದಕ್ಕೂ ಬ್ರೇಕು ಎಳೆದುಕೊಂಡೇ ಇಳಿದರೆ ಪ್ಯಾಡು, ರಿಮ್ಮು, ರೋಟರು ಎಲ್ಲವೂ ಕಾಯುತ್ತವೆ. ಪ್ರತಿ ತಿರುವಿಗೆ ಮೊದಲು ನೇರ ದಾರಿಯಲ್ಲೇ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನೊಳಗೆ ಬಿಟ್ಟು, ಮುಂದಿನ ನೇರದಲ್ಲಿ ಬ್ರೇಕಿಗೆ ಆರಲು ಸಮಯ ಕೊಡಿ. ಮಳೆಗಾಲದಲ್ಲಿ ಆ ಘಾಟಿಗೆ ಸೈಕಲ್ಲಿನಲ್ಲಿ ಹೋಗುವವರು ಮಂಜಿಗಾಗಿ ಹಗಲಿನಲ್ಲೂ ಹಿಂದಿನ ಕೆಂಪು ದೀಪವನ್ನು ಉರಿಸಿಕೊಂಡೇ ಇರಬೇಕು, ಇಳಿಯುವ ಮುನ್ನ ಆಗುಂಬೆ ಪೇಟೆಯಲ್ಲೇ ನಿಂತು ಪ್ಯಾಡು, ಗಾಳಿ, ಕ್ವಿಕ್ ರಿಲೀಸ್ ಮೂರನ್ನೂ ಒಮ್ಮೆ ಕೈಯಿಂದ ಮುಟ್ಟಿ ನೋಡಿಕೊಳ್ಳಬೇಕು.